ವಾರದ ರಜೆ ಯಾವ ದಿನ? ಹೇಳಬೇಕಾದವರು ಯಾರು?

(ವರ್ತಕರು ಮತ್ತು ಕಾನೂನು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಆನ್ ಅರಂಡೆಲ್ ಅಂತ ಒಂದು ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಅಲ್ಲಿನ ಒಂದು ದೊಡ್ಡ ಅಂಗಡಿಯ ಏಳು ಜನ ನೌಕರರ ಮೇಲೆ ಕ್ರಿಮಿನಲ್ ಕೇಸು ಬಿತ್ತು. ಅವರು ಕದ್ದಿರಲಿಲ್ಲ, ತೂಕದಲ್ಲಿ ಮೋಸ ಮಾಡಿರಲಿಲ್ಲ. ಭಾನುವಾರ ನಾಲ್ಕು ಸಾಮಾನು ಮಾರಿದ್ದರು, ಅಷ್ಟೇ. ಹಾಳೆ ಸೇರಿಸಿಡುವ ಒಂದು ಬೈಂಡರ್, ನೆಲಕ್ಕೆ ಹಚ್ಚುವ ಪಾಲಿಶ್ ಡಬ್ಬಿ, ಪಿನ್ನುಗಳ ಸಮೇತ ಒಂದು ಸ್ಟೇಪ್ಲರ್, ಮಕ್ಕಳು ಆಡುವ ಒಂದು ಸಬ್‌ಮರೀನ್. ಕೋರ್ಟು ತಲಾ ಐದು ಡಾಲರ್ ದಂಡ, ಜೊತೆಗೆ ಖರ್ಚು ಹಾಕಿತು. ಅದೇ ಭಾನುವಾರ ಅದೇ ಊರಿನಲ್ಲಿ ತಂಬಾಕು ಮಾರಬಹುದಿತ್ತು. ಮಿಠಾಯಿ, ಹಾಲು, ಬ್ರೆಡ್ಡು, ಪೆಟ್ರೋಲು, ಔಷಧಿ, ಪೇಪರು ಎಲ್ಲವನ್ನೂ ಮಾರಬಹುದಿತ್ತು. ಸ್ಟೇಪ್ಲರ್ ಮಾರಿದರೆ ಮಾತ್ರ ಅಪರಾಧ.

ಆ ನೌಕರರು ಸುಪ್ರೀಂ ಕೋರ್ಟಿನವರೆಗೆ ಹೋದರು. 1961ರ ಮೇ 29ರಂದು ತೀರ್ಪು ಬಂತು. 'ಮೆಕ್‌ಗೋವನ್ ವಿರುದ್ಧ ಮೇರಿಲ್ಯಾಂಡ್' ಅಂತ ಕೇಸಿನ ಹೆಸರು. ಇದೇ ವಿಷಯದ ಇನ್ನೂ ಮೂರು ತೀರ್ಪುಗಳು ಅದೇ ದಿನ ಬಂದವು. ನಾಲ್ಕರಲ್ಲೂ ಭಾನುವಾರದ ಕಾನೂನೇ ಗೆದ್ದಿತು.

ಈ ಕಾನೂನುಗಳ ಬೇರು ಧರ್ಮದಲ್ಲೇ ಇದೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರಿ.ಶ. 321ರಲ್ಲೇ ಸೂರ್ಯನ ದಿನ ಪಟ್ಟಣದವರು ಕೆಲಸ ನಿಲ್ಲಿಸಬೇಕು ಅಂತ ಆಜ್ಞೆ ಹೊರಡಿಸಿದ್ದ. ರೈತರನ್ನು ಮಾತ್ರ ಬಿಟ್ಟಿದ್ದ. ಬಿತ್ತನೆಯ ಹದ ತಪ್ಪಿದರೆ ಮತ್ತೆ ಸಿಗುವುದಿಲ್ಲ ಅಲ್ವಾ. ಇಂಗ್ಲೆಂಡಿನಲ್ಲಿ 1677ರಲ್ಲಿ ಭಾನುವಾರ ಕಸುಬು ಮಾಡಬಾರದು ಅಂತ ಕಾನೂನಾಯಿತು. ಅಮೆರಿಕಕ್ಕೆ ಹೋದ ಇಂಗ್ಲಿಷರು ಇದನ್ನೆಲ್ಲ ಜೊತೆಗೇ ಒಯ್ದರು. ಎಷ್ಟೋ ರಾಜ್ಯಗಳ ಕಾನೂನಿನಲ್ಲಿ 1961ರಲ್ಲೂ 'ಕರ್ತನ ದಿನ', ಅಂದರೆ ಕ್ರೈಸ್ತರ ದೇವರ ದಿನ, ಅನ್ನುವ ಮಾತು ಹಾಗೇ ಇತ್ತು.

ಹೀಗಿದ್ದರೂ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಈ ಕಾನೂನನ್ನು ಎತ್ತಿಹಿಡಿದರು. ಅವರ ವಾದ ಇದು. ಹುಟ್ಟು ಧಾರ್ಮಿಕವಾಗಿರಬಹುದು. ಆದರೆ ಇವತ್ತಿನ ಉದ್ದೇಶ ಬೇರೆ. ಜನರಿಗೆ ವಾರಕ್ಕೊಂದು ದಿನ ಎಲ್ಲರೂ ಒಟ್ಟಿಗೆ ಬಿಡುವಾಗಿರುವ ಅವಕಾಶ ಬೇಕು. ಆ ದಿನ ಬಹುಸಂಖ್ಯಾತರ ಪ್ರಾರ್ಥನೆಯ ದಿನವೂ ಆಗಿದೆ ಅಂದ ಮಾತ್ರಕ್ಕೆ ಕಾನೂನು ಧರ್ಮದ ಪರ ಆಗುವುದಿಲ್ಲ.

ಈ ವಾದವನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ನಮ್ಮ ಕಡೆಯದೇ ಒಂದು ಉದಾಹರಣೆ ನೋಡಿ. ಭಾರತಕ್ಕೆ ಭಾನುವಾರದ ರಜೆ ಬಂದದ್ದು ಇಂಗ್ಲಿಷರ ಕಚೇರಿಗಳ ಮೂಲಕ, ಅವರ ಚರ್ಚಿನ ದಿನವಾಗಿ. ಆದರೆ ಮುಂಬಯಿಯ ಗಿರಣಿ ಕೆಲಸಗಾರರಿಗೆ ಅದು ಪುಕ್ಕಟೆ ಸಿಗಲಿಲ್ಲ. ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ ಕೆಲಸಗಾರರನ್ನು ಸೇರಿಸಿ ವರ್ಷಗಟ್ಟಲೆ ಬಡಿದಾಡಿದ ಮೇಲೆ 1890ರಲ್ಲಿ ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. ಹಾಗೆ ಪಡೆದ ಭಾನುವಾರ ಯಾವ ಚರ್ಚಿನದೂ ಅಲ್ಲ, ದುಡಿಯುವವರದ್ದು. ಒಂದು ದಿನದ ಅರ್ಥ ಕಾಲ ಕಳೆದಂತೆ ಬದಲಾಗುತ್ತದೆ ಅನ್ನುವ ವಾರನ್ ಅವರ ಮಾತು ನಿಜ.

ಅವರ ಉತ್ತರ ನನಗೆ ಸಾಲದಾಗುವುದು ಎಲ್ಲಿ ಅಂದರೆ, ಅದೇ ದಿನ ಬಂದ ಇನ್ನೊಂದು ಕೇಸಿನಲ್ಲಿ.

ಫಿಲಡೆಲ್ಫಿಯಾ ನಗರದಲ್ಲಿ ಅಬ್ರಹಾಂ ಬ್ರೌನ್‌ಫೆಲ್ಡ್ ಅಂತ ಒಬ್ಬ ವ್ಯಾಪಾರಿ. ಸಂಪ್ರದಾಯಸ್ಥ ಯೆಹೂದಿ. ಅವನ ಜೊತೆ ಇನ್ನೂ ಕೆಲವು ಯೆಹೂದಿ ವ್ಯಾಪಾರಿಗಳು. ಬಟ್ಟೆ, ಮನೆ ಸಾಮಾನುಗಳ ಅಂಗಡಿ ಇಟ್ಟುಕೊಂಡಿದ್ದರು. ಅವರ ಧರ್ಮದಲ್ಲಿ ಶುಕ್ರವಾರ ಕತ್ತಲಾದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್. ಆ ಹೊತ್ತಿನಲ್ಲಿ ವ್ಯಾಪಾರ ಮಾಡುವುದಿಲ್ಲ, ದುಡ್ಡು ಮುಟ್ಟುವುದಿಲ್ಲ. ಶನಿವಾರದ ನಷ್ಟವನ್ನು ಅವರು ಭಾನುವಾರ ಅಂಗಡಿ ತೆರೆದು ತುಂಬಿಕೊಳ್ಳುತ್ತಿದ್ದರು. 1959ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಒಂದು ಹೊಸ ಕಾನೂನು ತಂದಿತು. ಬಟ್ಟೆ, ಪೀಠೋಪಕರಣ ಮುಂತಾದ ಸಾಮಾನುಗಳನ್ನು ಭಾನುವಾರ ಚಿಲ್ಲರೆಯಾಗಿ ಮಾರುವಂತಿಲ್ಲ ಅಂದಿತು.

ಇಲ್ಲಿ ಕೂತಿರುವ ವರ್ತಕರು ಒಮ್ಮೆ ಲೆಕ್ಕ ಹಾಕಿ. ಪಕ್ಕದ ಕ್ರೈಸ್ತ ವ್ಯಾಪಾರಿ ವಾರಕ್ಕೆ ಆರು ದಿನ ಅಂಗಡಿ ತೆರೆಯುತ್ತಾನೆ. ಬ್ರೌನ್‌ಫೆಲ್ಡ್‌ಗೆ ಐದೇ ದಿನ. ವರ್ಷಕ್ಕೆ 52 ದಿನದ ವ್ಯಾಪಾರ ಕಮ್ಮಿ. ಅದೂ ಎಂಥ ದಿನ? ಸಂಬಳದ ಜನ ಕೊಳ್ಳಲು ಬರುವ ಶನಿವಾರ. ಚಳಿಗಾಲದಲ್ಲಿ ಫಿಲಡೆಲ್ಫಿಯಾದಲ್ಲಿ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ಶುಕ್ರವಾರ ಸಂಜೆಯ ಗಿರಾಕಿಯೂ ಹೋದ. ಕಟ್ಟಡದ ಮಾಲೀಕ ಮಾತ್ರ ತಿಂಗಳಿಗೆ ಪೂರ್ತಿ ಬಾಡಿಗೆ ಕೇಳುತ್ತಾನೆ. ಇಷ್ಟು ನಷ್ಟ ತಿಂದು ಅಂಗಡಿ ನಡೆಸಲಾಗುವುದಿಲ್ಲ, ಬಾಗಿಲು ಹಾಕಬೇಕಾಗುತ್ತದೆ ಅಂತ ಬ್ರೌನ್‌ಫೆಲ್ಡ್ ಕೋರ್ಟಿಗೆ ಹೇಳಿದ.

ಕೋರ್ಟು ಏನು ಹೇಳಿತು? ಕಾನೂನು ಅವನ ಧರ್ಮವನ್ನು ನಿಷೇಧಿಸಿಲ್ಲ. ಶನಿವಾರ ಕೆಲಸ ಮಾಡು ಅಂತ ಬಲವಂತ ಮಾಡಿಲ್ಲ. ಅವನ ಆಚರಣೆಗೆ ಖರ್ಚು ಸ್ವಲ್ಪ ಜಾಸ್ತಿ ಆಗುತ್ತದೆ, ಅಷ್ಟೇ. ಅಂಥ ಪರೋಕ್ಷ ಹೊರೆಯನ್ನು ತಾಳಿಕೊಳ್ಳಬೇಕು.

ಆರು ನ್ಯಾಯಮೂರ್ತಿಗಳು ಈ ಕಡೆ, ಮೂವರು ಆ ಕಡೆ. ಆ ಮೂವರಲ್ಲಿ ಪಾಟರ್ ಸ್ಟುವರ್ಟ್ ಬರೆದದ್ದು ಕೆಲವೇ ಸಾಲು. ನಂಬಿಕೆ ಬೇಕೋ ಹೊಟ್ಟೆಪಾಡು ಬೇಕೋ, ಎರಡರಲ್ಲಿ ಒಂದನ್ನು ಆರಿಸಿಕೋ ಅಂತ ಈ ಕಾನೂನು ಒಬ್ಬ ಯೆಹೂದಿಗೆ ಹೇಳುತ್ತಿದೆ, ಇದು ಕ್ರೂರ ಅಂತ ಬರೆದರು. ನನಗೆ ಆ ಇಡೀ ದಿನದ ತೀರ್ಪುಗಳಲ್ಲಿ ಅತ್ಯಂತ ನೇರವಾಗಿ ಕಾಣುವ ಮಾತು ಅದೇ.

ಹಾಗಾದರೆ ಶನಿವಾರ ಮುಚ್ಚುವವರಿಗೆ ಭಾನುವಾರ ತೆರೆಯಲು ವಿನಾಯಿತಿ ಕೊಡಬಹುದಿತ್ತಲ್ಲ? ಅದಕ್ಕೆ ವಾರನ್ ಮೂರು ನಾಲ್ಕು ಕಷ್ಟಗಳನ್ನು ಹೇಳಿದರು. ಯಾರು ತೆರೆಯಬಹುದು, ಯಾರು ತೆರೆಯಬಾರದು ಅಂತ ನೋಡಿಕೊಳ್ಳುವುದು ಪೊಲೀಸರಿಗೆ ತಲೆನೋವು. ಭಾನುವಾರ ಊರೆಲ್ಲ ಮುಚ್ಚಿದಾಗ ಇವರೊಬ್ಬರೇ ತೆರೆದರೆ ಇವರಿಗೇ ಲಾಭ ಜಾಸ್ತಿ ಆಗಬಹುದು. ಲಾಭದ ಆಸೆಗೆ ಬೇರೆಯವರೂ ನಮ್ಮದು ಶನಿವಾರದ ಧರ್ಮ ಅನ್ನಬಹುದು. ಆಗ ಯಾರ ನಂಬಿಕೆ ಎಷ್ಟು ನಿಜ ಅಂತ ಸರ್ಕಾರ ಕೆದಕಬೇಕಾಗುತ್ತದೆ.

ಕೇಳುವುದಕ್ಕೆ ಸರಿಯಾಗೇ ಇದೆ. ಆದರೆ ಭಿನ್ನ ತೀರ್ಪು ಬರೆದ ವಿಲಿಯಂ ಬ್ರೆನನ್ ಒಂದು ಲೆಕ್ಕ ಇಟ್ಟರು. ಭಾನುವಾರ ಕೆಲಸ ಮಾಡಬಾರದು ಅನ್ನುವ ಸಾಮಾನ್ಯ ಕಾನೂನು ಆಗ 34 ಕಡೆ ಇತ್ತು. ಅವುಗಳಲ್ಲಿ 21 ಕಡೆ ಇಂಥ ವಿನಾಯಿತಿ ಆಗಲೇ ಇತ್ತು. ಅಲ್ಲೆಲ್ಲ ನಡೆಯುತ್ತಿರುವುದು ಇಲ್ಲಿ ಯಾಕೆ ನಡೆಯುವುದಿಲ್ಲ? ಎಲ್ಲರೂ ಒಂದೇ ದಿನ ರಜೆ ಮಾಡಿದರೆ ಅನುಕೂಲ ಅನ್ನುವುದಕ್ಕಾಗಿ ಒಬ್ಬನ ಬದುಕನ್ನು ಮುರಿಯಬಹುದೇ? ಬ್ರೆನನ್ ಕೇಳಿದ್ದು ಇದನ್ನೇ.

ಮೂರನೆಯ ಕೇಸು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನದು. ಅಲ್ಲಿ ಯೆಹೂದಿಗಳ ಆಹಾರ ನಿಯಮಕ್ಕೆ ತಕ್ಕ ಮಾಂಸ, ದಿನಸಿ ಮಾರುವ ಒಂದು ಅಂಗಡಿ. ಶನಿವಾರ ಅಂಗಡಿಯೂ ಮುಚ್ಚಿರುತ್ತದೆ, ಗಿರಾಕಿಗಳೂ ಬರುವುದಿಲ್ಲ. ವಾರದ ವ್ಯಾಪಾರದಲ್ಲಿ ಮೂರನೇ ಒಂದು ಪಾಲು ಭಾನುವಾರವೇ ಆಗುತ್ತಿತ್ತು. ಕಾನೂನು ಭಾನುವಾರ ಬೆಳಗ್ಗೆ ಹತ್ತು ಗಂಟೆಯವರೆಗೆ ಮಾಂಸ ಮಾರಲು ಬಿಟ್ಟಿತ್ತು. ಆಮೇಲೆ ಬಾಗಿಲು ಹಾಕಬೇಕು. ಈ ಅಂಗಡಿಯೂ ಸೋತಿತು. ಇಲ್ಲಿ ನಷ್ಟ ಅಂಗಡಿಯವನೊಬ್ಬನದೇ ಅಲ್ಲ. ತಮ್ಮ ಊಟದ ಸಾಮಾನು ಕೊಳ್ಳುವ ಸಂಸಾರಗಳಿಗೂ ವಾರದ ಕೊನೆಯ ಎರಡು ದಿನ ಬಾಗಿಲು ಮುಚ್ಚಿತು.

ಎರಡೇ ವರ್ಷಕ್ಕೆ ಅದೇ ಕೋರ್ಟು ಬೇರೆ ದಾರಿ ಹಿಡಿಯಿತು. ದಕ್ಷಿಣ ಕ್ಯಾರೊಲೈನಾದ ಬಟ್ಟೆ ಗಿರಣಿಯ ಕೆಲಸಗಾರ್ತಿ ಅಡೆಲ್ ಶರ್ಬರ್ಟ್. ಆಕೆ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವಳು. ಕ್ರೈಸ್ತರೇ, ಆದರೆ ಶನಿವಾರವೇ ಅವರ ಪವಿತ್ರ ದಿನ. ಶನಿವಾರ ಕೆಲಸಕ್ಕೆ ಬರಲ್ಲ ಅಂದಿದ್ದಕ್ಕೆ ಕೆಲಸ ಹೋಯಿತು. ಬೇರೆ ಗಿರಣಿಗಳಲ್ಲೂ ಅದೇ ಉತ್ತರ. ಸರ್ಕಾರ ನಿರುದ್ಯೋಗ ಭತ್ಯೆಯನ್ನೂ ಕೊಡಲಿಲ್ಲ. ಕೆಲಸ ಸಿಕ್ಕರೂ ಮಾಡದವಳು ಅಂದಿತು. ಭಾನುವಾರ ಪಾಲಿಸುವ ಗಿರಣಿ ಕೆಲಸಗಾರರಿಗೆ ಮಾತ್ರ ಅದೇ ರಾಜ್ಯದಲ್ಲಿ ಕಾನೂನಿನ ರಕ್ಷಣೆ ಇತ್ತು. ತುರ್ತು ಪರಿಸ್ಥಿತಿಯಲ್ಲಿ ಗಿರಣಿ ಭಾನುವಾರ ನಡೆದರೂ ಮನಸ್ಸೊಪ್ಪದವರನ್ನು ಬಲವಂತ ಮಾಡುವಂತಿರಲಿಲ್ಲ. 1963ರಲ್ಲಿ ಸುಪ್ರೀಂ ಕೋರ್ಟು ಶರ್ಬರ್ಟ್ ಪರ ನಿಂತಿತು. ತೀರ್ಪು ಬರೆದವರು ಅದೇ ಬ್ರೆನನ್. ಬ್ರೌನ್‌ಫೆಲ್ಡ್‌ಗೆ ಹೇಳಿದ 'ಪರೋಕ್ಷ ಹೊರೆ' ಶರ್ಬರ್ಟ್‌ಗೂ ಇತ್ತು. ಇಬ್ಬರಿಗೂ ಯಾರೂ ಶನಿವಾರ ಕೆಲಸ ಮಾಡು ಅಂತ ಕೋಲು ಹಿಡಿದು ನಿಂತಿರಲಿಲ್ಲ. ಒಬ್ಬಳಿಗೆ ನ್ಯಾಯ ಸಿಕ್ಕಿತು, ಒಬ್ಬನಿಗೆ ಸಿಗಲಿಲ್ಲ. ಈ ಎರಡು ತೀರ್ಪನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ ಅಂತ ಇಲ್ಲಿರುವ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಈಗ ಕೆನಡಾಕ್ಕೆ ಬರೋಣ. ಈ ವಿಷಯದಲ್ಲಿ ಅತ್ಯಂತ ಕಾಳಜಿಯಿಂದ ಯೋಚನೆ ನಡೆದದ್ದು ಅಲ್ಲಿ ಅಂತ ನನ್ನ ಅಭಿಪ್ರಾಯ.

ಕೆನಡಾದಲ್ಲಿ 1906ರಿಂದ 'ಕರ್ತನ ದಿನದ ಕಾಯ್ದೆ' ಇತ್ತು. 1982ರಲ್ಲಿ ಕ್ಯಾಲ್ಗರಿ ನಗರದ ಬಿಗ್ ಎಂ ಡ್ರಗ್ ಮಾರ್ಟ್ ಅನ್ನುವ ಅಂಗಡಿ ಭಾನುವಾರ ವ್ಯಾಪಾರ ಮಾಡಿ ಸಿಕ್ಕಿಬಿತ್ತು. ಆ ವರ್ಷವೇ ಕೆನಡಾಕ್ಕೆ ಹೊಸ ಹಕ್ಕುಗಳ ಸನ್ನದು ಬಂದಿತ್ತು. 1985ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನೇ ರದ್ದು ಮಾಡಿತು. ಬ್ರಯನ್ ಡಿಕ್ಸನ್ ಆಗ ಮುಖ್ಯ ನ್ಯಾಯಮೂರ್ತಿ. ಒಂದು ಧರ್ಮದ ದಿನವನ್ನು ಎಲ್ಲರೂ ಪಾಲಿಸಲಿ ಅಂತಲೇ ಮಾಡಿದ ಕಾನೂನು ಇದು. ಹುಟ್ಟಿದಾಗ ಧರ್ಮಕ್ಕೆ ಅಂತ ಮಾಡಿ, ಈಗ ವಿಶ್ರಾಂತಿಗೆ ಅಂತ ಹೆಸರು ಬದಲಿಸಿದರೆ ನಡೆಯುವುದಿಲ್ಲ ಅಂದರು. ವಾರನ್ ಹಿಡಿದ ದಾರಿಯನ್ನು ಇಲ್ಲಿ ನೇರವಾಗಿ ಬಿಟ್ಟುಕೊಟ್ಟರು.

ಮಾರನೆಯ ವರ್ಷ ಇನ್ನೂ ಕಷ್ಟದ ಕೇಸು ಬಂತು. ಅದು ಒಂಟಾರಿಯೊ ಪ್ರಾಂತ್ಯದ ಚಿಲ್ಲರೆ ಅಂಗಡಿಗಳ ರಜಾ ಕಾಯ್ದೆಯ ಬಗ್ಗೆ. ಇದರಲ್ಲಿ ದೇವರ ಮಾತಿಲ್ಲ. ಅಂಗಡಿ ಕೆಲಸಗಾರರಿಗೆ ಒಂದು ಸಮಾನ ಬಿಡುವು ಇರಲಿ ಅನ್ನುವುದೇ ಉದ್ದೇಶ. ದಿನ ಮಾತ್ರ ಭಾನುವಾರ. ಶನಿವಾರ ಮುಚ್ಚುವ ಸಣ್ಣ ಅಂಗಡಿಗಳಿಗೆ ವಿನಾಯಿತಿ ಇತ್ತು. ಭಾನುವಾರ ಏಳು ಜನರಿಗಿಂತ ಜಾಸ್ತಿ ನೌಕರರು ಇರಬಾರದು, ಅಂಗಡಿ ಐದು ಸಾವಿರ ಚದರ ಅಡಿಗಿಂತ ಚಿಕ್ಕದಿರಬೇಕು. ಯಾವ ಧರ್ಮ ಅಂತ ಯಾರೂ ಕೇಳುವುದಿಲ್ಲ. ವಾರನ್‌ಗೆ ಇದ್ದ ದೊಡ್ಡ ಭಯ ಇದರಿಂದ ಹೋಯಿತು. ವ್ಯಾಪಾರಿಯ ಮನಸ್ಸಿನಲ್ಲಿ ಏನಿದೆ ಅಂತ ಅಧಿಕಾರಿ ನೋಡಬೇಕಿಲ್ಲ. ಶನಿವಾರ ಶಟರ್ ಎಳೆದಿತ್ತೋ ಇಲ್ಲವೋ ಅಷ್ಟು ನೋಡಿದರೆ ಸಾಕು. ಶನಿವಾರದ ವ್ಯಾಪಾರ ಬಿಟ್ಟು ಭಾನುವಾರದ್ದು ತೆಗೆದುಕೊಳ್ಳುವುದರಲ್ಲಿ ಸುಳ್ಳು ಹೇಳಿ ಗಳಿಸುವಂಥದ್ದು ಹೆಚ್ಚೇನೂ ಇಲ್ಲ.

1986ರ ಡಿಸೆಂಬರಿನಲ್ಲಿ ಕೋರ್ಟು ಈ ಕಾಯ್ದೆಯನ್ನು ಉಳಿಸಿತು. ಇದು ಎಡ್ವರ್ಡ್ಸ್ ಬುಕ್ಸ್ ಕೇಸು ಅಂತಲೇ ಹೆಸರಾಗಿದೆ. ಡಿಕ್ಸನ್ ಇಲ್ಲಿ ಕೆಲಸಗಾರರ ಕಡೆಯಿಂದ ನೋಡಿದರು. ಚಿಲ್ಲರೆ ಅಂಗಡಿಗಳಲ್ಲಿ ದುಡಿಯುವವರಲ್ಲಿ ಹೆಂಗಸರು ಜಾಸ್ತಿ, ಸಂಬಳ ಕಮ್ಮಿ, ಸಂಘ ಇಲ್ಲ, ಮಾಲೀಕನ ಎದುರು ಮಾತಾಡುವ ಶಕ್ತಿ ಇಲ್ಲ. ನಿನಗೆ ಮಂಗಳವಾರ ರಜೆ ಅಂದರೆ ತಾಯಿಗೆ ರಜೆ ಸಿಕ್ಕಿತು ನಿಜ, ಆದರೆ ಅವತ್ತು ಮಗು ಶಾಲೆಯಲ್ಲಿರುತ್ತದೆ. ಅನುಕೂಲಸ್ಥರು ಹಕ್ಕಿನ ಹೆಸರು ಹೇಳಿ ಬಡವರ ರಕ್ಷಣೆಗೆ ಇರುವ ಕಾನೂನನ್ನು ಕಿತ್ತುಹಾಕುವಂತೆ ಆಗಬಾರದು ಅಂತ ಅವರು ಎಚ್ಚರಿಸಿದರು.

ಆದರೆ ಬರ್ತಾ ವಿಲ್ಸನ್ ಅನ್ನುವ ನ್ಯಾಯಮೂರ್ತಿ ಒಂದು ಕಡೆ ಒಪ್ಪಲಿಲ್ಲ. ಶನಿವಾರ ಪಾಲಿಸುವ ಸಣ್ಣವನಿಗೆ ವಿನಾಯಿತಿ, ದೊಡ್ಡವನಿಗೆ ಇಲ್ಲ ಅಂದರೆ ಒಂದೇ ನಂಬಿಕೆಯವರನ್ನು ಎರಡು ಪಾಲು ಮಾಡಿದಂತೆ ಅಂದರು. ಅವತ್ತು ಕೋರ್ಟಿನಲ್ಲಿದ್ದ ಒಂದು ಯೆಹೂದಿ ದಿನಸಿ ಅಂಗಡಿಗೆ ಏಳಕ್ಕಿಂತ ಜಾಸ್ತಿ ನೌಕರರಿದ್ದರು. ಅದಕ್ಕೇ ಅದು ಸೋತಿತು. ಇಲ್ಲಿ ನನ್ನ ಒಲವು ವಿಲ್ಸನ್ ಕಡೆಗೆ. ಎಂಟನೆಯ ನೌಕರ ಸೇರಿದ ಮಾತ್ರಕ್ಕೆ ಮಾಲೀಕನ ಸಬ್ಬತ್ ಚಿಕ್ಕದಾಗುವುದಿಲ್ಲ. ಕೆಲಸಗಾರರ ಚಿಂತೆ ಇದ್ದರೆ ಅವರಿಗೆ ನೇರವಾಗಿ ಹಕ್ಕು ಕೊಡಬೇಕು.

ಬ್ರಿಟನ್ ಕೊನೆಗೆ ಹೋದದ್ದು ಆ ದಾರಿಯಲ್ಲೇ. 1950ರ ಅಂಗಡಿ ಕಾಯ್ದೆಯಲ್ಲಿ ಯೆಹೂದಿ ವ್ಯಾಪಾರಿ ಹೆಸರು ನೋಂದಾಯಿಸಿ, ಶನಿವಾರ ಮುಚ್ಚಿ, ಭಾನುವಾರ ಮಧ್ಯಾಹ್ನ ಎರಡರವರೆಗೆ ತೆರೆಯಬಹುದಿತ್ತು. 1986ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಭಾನುವಾರದ ನಿರ್ಬಂಧವನ್ನು ಪೂರ್ತಿ ತೆಗೆಯಲು ಹೋಗಿ 14 ಮತಗಳಿಂದ ಸೋತಿತು. ಚರ್ಚಿನವರೂ ಅಂಗಡಿ ಕೆಲಸಗಾರರ ಸಂಘದವರೂ ಒಟ್ಟಾಗಿ ನಿಂತಿದ್ದರು. 1994ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಹೊಸ ಕಾಯ್ದೆ ಬಂತು. ಸಣ್ಣ ಅಂಗಡಿಗಳು ಎಷ್ಟು ಹೊತ್ತಾದರೂ ತೆರೆಯಬಹುದು. 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಹೊತ್ತು ತೆರೆಯಬಹುದು. ಭಾನುವಾರ ಬರಲು ಮನಸ್ಸಿಲ್ಲದ ಅಂಗಡಿ ಕೆಲಸಗಾರ ಮುಂಚಿತವಾಗಿ ಬರೆದುಕೊಟ್ಟು ಬಿಡಿಸಿಕೊಳ್ಳಬಹುದು. ಕಾರಣ ಕೇಳುವ ಹಾಗಿಲ್ಲ. ಚರ್ಚಿಗೆ ಹೋಗಲಿ, ಮಗನ ಕ್ರಿಕೆಟ್ ನೋಡಲಿ, ಅದು ಅವನಿಷ್ಟ.

ಕೆಲಸಗಾರನ ಹಕ್ಕನ್ನು ಅತಿಗೆ ಒಯ್ದರೂ ಕಷ್ಟವೇ. ಅಮೆರಿಕದ ಕನೆಕ್ಟಿಕಟ್ ರಾಜ್ಯ ಹಾಗೆ ಮಾಡಿ ನೋಡಿತ್ತು. ಯಾರಾದರೂ ಇದು ನನ್ನ ಸಬ್ಬತ್ ಅಂದರೆ ಸಾಕು, ಏನೇ ಆಗಲಿ ಅವರನ್ನು ಆ ದಿನ ಕರೆಯುವಂತಿಲ್ಲ. ಜೊತೆಯವರ ಪಾಡೇನು, ಅಂಗಡಿಯ ಪಾಡೇನು ಅಂತ ಕಾನೂನು ನೋಡಲೇ ಇಲ್ಲ. 1985ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಸರಿಯಾದ ತೀರ್ಪು ಅಂತಲೇ ನಾನು ಹೇಳುವುದು. ನಂಬಿಕೆಯ ಭಾರವನ್ನೆಲ್ಲ ಪಕ್ಕದ ನೌಕರನ ಹೆಗಲಿಗೆ ಹಾಕಿದರೆ ಅದು ನ್ಯಾಯ ಅಲ್ಲ.

ಈಗ ಮತ್ತೆ ಪೆನ್ಸಿಲ್ವೇನಿಯಾಕ್ಕೆ ಹೋಗಬೇಕು. ಬ್ರೌನ್‌ಫೆಲ್ಡ್ ಸೋತ ರಾಜ್ಯ. ಅಲ್ಲಿ ಜೆರಾಲ್ಡ್ ಗ್ರಾಫ್ ಅಂತ ಒಬ್ಬ ಅಂಚೆ ನೌಕರ. ಕ್ರೈಸ್ತ. ಭಾನುವಾರ ಕೆಲಸ ಮಾಡಬಾರದು ಅನ್ನುವ ನಂಬಿಕೆಯವನು. ಅಂಚೆ ಇಲಾಖೆಯಲ್ಲಿ ಭಾನುವಾರ ಟಪಾಲು ಹಂಚುವ ಪದ್ಧತಿ ಇರಲಿಲ್ಲ, ಹಾಗಾಗಿ ಅವನಿಗೆ ತೊಂದರೆ ಇರಲಿಲ್ಲ. ಅಮೆಜಾನ್ ಜೊತೆ ಒಪ್ಪಂದ ಆದ ಮೇಲೆ ಭಾನುವಾರವೂ ಪಾರ್ಸೆಲ್ ಹಂಚುವುದು ಶುರುವಾಯಿತು. ಅವನು ಬರಲ್ಲ ಅಂದ. ಶಿಸ್ತು ಕ್ರಮ ಮೇಲಿಂದ ಮೇಲೆ ಬಂದು ಕೊನೆಗೆ 2019ರಲ್ಲಿ ರಾಜೀನಾಮೆ ಕೊಟ್ಟ. 2023ರ ಜೂನ್ 29ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಅವನ ಮಾತಿಗೆ ಬೆಲೆ ಕೊಟ್ಟರು. ಅಲ್ಲಿಯವರೆಗೆ ನೌಕರನ ಧರ್ಮಾಚರಣೆಗೆ ಅನುವು ಮಾಡಿಕೊಡಲು ಮಾಲೀಕನಿಗೆ ಚೂರುಪಾರು ಖರ್ಚಾದರೂ ಆಗಲ್ಲ ಅನ್ನಬಹುದು ಅಂತ ಕೆಳಗಿನ ಕೋರ್ಟುಗಳು ತಿಳಿದಿದ್ದವು. ಅದು ಸಾಲದು, ವ್ಯಾಪಾರಕ್ಕೆ ನಿಜವಾಗಿ ದೊಡ್ಡ ಹೊರೆ ಬೀಳುತ್ತದೆ ಅಂತ ಮಾಲೀಕ ತೋರಿಸಬೇಕು ಅಂತ ಕೋರ್ಟು ಹೇಳಿ ಕೇಸನ್ನು ವಾಪಸ್ ಕಳಿಸಿತು.

1961ರಲ್ಲಿ ಭಾನುವಾರ ಪಾಲಿಸುವವರು ಬಹುಸಂಖ್ಯಾತರು. ಕಾನೂನೇ ಅವರ ಕಾವಲಿಗಿತ್ತು. ಶನಿವಾರದವರ ಕಷ್ಟ 'ಸ್ವಲ್ಪ ಖರ್ಚು' ಅಂತ ಕಂಡಿತು. ಅರವತ್ತು ವರ್ಷ ಕಳೆದ ಮೇಲೆ ವ್ಯಾಪಾರ ಭಾನುವಾರವನ್ನೂ ನುಂಗಿತು. ಆಗ ಭಾನುವಾರದವನೇ ಕೋರ್ಟಿಗೆ ಬರಬೇಕಾಯಿತು. ಅಲ್ಪಸಂಖ್ಯಾತನಿಗೆ ಅಂತ ಇಟ್ಟ ರಕ್ಷಣೆ ನಾಳೆ ಯಾರಿಗೆ ಬೇಕಾಗುತ್ತದೋ ಹೇಳಲಾಗುವುದಿಲ್ಲ.

ಅಮೆರಿಕದ ಹಳೆ ಕಾನೂನುಗಳು ಹೆಚ್ಚುಕಮ್ಮಿ ಎಲ್ಲ ಹೋದವು. ಆದರೆ ನ್ಯೂಜೆರ್ಸಿಯ ಬರ್ಗನ್ ಕೌಂಟಿಯಲ್ಲಿ ಅದು ಇನ್ನೂ ಗಟ್ಟಿಯಾಗಿದೆ. ಅಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಪರಾಮಸ್‌ನ ದೊಡ್ಡ ಮಾಲ್‌ಗಳಲ್ಲಿ ಭಾನುವಾರ ಬಟ್ಟೆ, ಪೀಠೋಪಕರಣ ಸಿಗುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಅಲ್ಲಿನ ಜನ ಇದನ್ನು ಉಳಿಸಿಕೊಂಡಿರುವುದು ಬಹುಮಟ್ಟಿಗೆ ಚರ್ಚಿಗಾಗಿ ಅಲ್ಲ. ವಾರಕ್ಕೊಂದು ದಿನವಾದರೂ ರಸ್ತೆಯಲ್ಲಿ ಕಾರುಗಳ ಗದ್ದಲ ಇಲ್ಲದಿರಲಿ ಅಂತ. ಒಳ್ಳೆಯ ಆಸೆಯೇ. ಆದರೆ ಅದೇ ಕೌಂಟಿಯ ಟೀನೆಕ್ ಊರಿನಲ್ಲಿ ಸಂಪ್ರದಾಯಸ್ಥ ಯೆಹೂದಿಗಳು ಬಹಳ ಜನ ಇದ್ದಾರೆ. ಅವರಿಗೆ ಶನಿವಾರ ಧರ್ಮ ಬಿಡುವುದಿಲ್ಲ, ಭಾನುವಾರ ಕಾನೂನು ಬಿಡುವುದಿಲ್ಲ. ವಾರವಿಡೀ ದುಡಿದು ಮಕ್ಕಳಿಗೊಂದು ಜೊತೆ ಬಟ್ಟೆ ತರಲು ಯಾವಾಗ ಹೋಗಬೇಕು?

ಇನ್ನು ನಮ್ಮ ವಿಷಯ. ಇಲ್ಲಿ ನಾವು ಹೆಮ್ಮೆಪಡಬಹುದಾದ ಒಂದು ಸಂಗತಿ ಇದೆ. 1942ರ ವಾರದ ರಜೆ ಕಾಯ್ದೆ ತುಂಬ ಚಿಕ್ಕದು. ಅಂಗಡಿ ವಾರಕ್ಕೊಂದು ದಿನ ಪೂರ್ತಿ ಮುಚ್ಚಬೇಕು ಅನ್ನುತ್ತದೆ. ಯಾವ ದಿನ ಅಂತ ಹೇಳುವುದಿಲ್ಲ. ಅಂಗಡಿಯವನೇ ದಿನ ಆರಿಸಿ, ಎದ್ದು ಕಾಣುವ ಜಾಗದಲ್ಲಿ ಬೋರ್ಡು ಹಾಕಬೇಕು. ಬ್ರೌನ್‌ಫೆಲ್ಡ್ ಕೇಳಿದ್ದು ಇಷ್ಟನ್ನೇ ಅಲ್ವಾ? 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಭಾನುವಾರ ಅಂತ ಹೇಳಿದರೂ, ಅದರ ಹಿಂದಿನ ಅಥವಾ ಮುಂದಿನ ಮೂರು ದಿನದೊಳಗೆ ಬದಲಿ ರಜೆ ಕೊಟ್ಟರೆ ಆಯಿತು ಅನ್ನುತ್ತಿತ್ತು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ವಾರಕ್ಕೊಂದು ದಿನದ ರಜೆಯ ಮಾತಾಡುತ್ತದೆ.

ಕಾಯ್ದೆಗಿಂತ ಮೊದಲೇ ನಮ್ಮ ಜನಜೀವನದಲ್ಲಿ ಇದು ಹೀಗೇ ಇದೆ. ಕ್ಷೌರದ ಅಂಗಡಿಗೆ ಮಂಗಳವಾರ ಹೋಗಿ ಬಾಗಿಲು ನೋಡಿಕೊಂಡು ಬಂದವರು ಇಲ್ಲಿ ಎಷ್ಟೋ ಜನ ಇರಬಹುದು. ಬಸವಣ್ಣನ ವಾರ ಅಂತ ಸೋಮವಾರ ಎತ್ತು ಹೂಡದ ಊರುಗಳಿವೆ. ಆ ರಜೆ ಎತ್ತಿಗೂ ಸಿಗುತ್ತದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ಊರಿಗೆಲ್ಲ ಒಂದೇ ದಿನ ರಜೆ ಇಲ್ಲದಿದ್ದರೆ ಕೆಲಸಗಾರನಿಗೆ ರಜೆಯೇ ಸಿಗುವುದಿಲ್ಲ ಅನ್ನುವ ವಾದಕ್ಕೆ ಇವೆಲ್ಲ ಉತ್ತರ.

ಹಾಗಂತ ನಮ್ಮಲ್ಲಿ ಎಲ್ಲ ಸರಿ ಇದೆ ಅಂತಲ್ಲ. ನಮ್ಮ ತೊಂದರೆ ಬೇರೆ ಕಡೆ ಇದೆ. ಅಮೆರಿಕದಲ್ಲಿ ದಿನ ಗೊತ್ತು ಮಾಡಿದ್ದು ಸರ್ಕಾರ. ನಮ್ಮಲ್ಲಿ ದಿನ ಗೊತ್ತು ಮಾಡುವುದು ಮಾಲೀಕ. ಕೆಲಸಗಾರನನ್ನು ಅಲ್ಲಿಯೂ ಕೇಳಲಿಲ್ಲ, ಇಲ್ಲಿಯೂ ಕೇಳುತ್ತಿಲ್ಲ. 2021ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹತ್ತು ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಅಂಗಡಿಗಳು ವರ್ಷದ ಎಲ್ಲ ದಿನ, ದಿನದ 24 ಗಂಟೆ ತೆರೆದಿರಬಹುದು ಅಂತ ಆದೇಶ ಹೊರಡಿಸಿತು. ನೌಕರರಿಗೆ ಸರದಿಯ ಮೇಲೆ ವಾರದ ರಜೆ ಕೊಡಬೇಕು ಅಂತಲೂ ಹೇಳಿತು. ಸರದಿ ಅಂದರೆ ಏನು? ಗೋಡೆಗೆ ಒಂದು ಪಟ್ಟಿ ಅಂಟಿಸುತ್ತಾರೆ. ಈ ವಾರ ಬುಧವಾರ, ಮುಂದಿನ ವಾರ ಗುರುವಾರ. ಮಾಲ್‌ನಲ್ಲಿ ಕೆಲಸ ಮಾಡುವ ಕ್ರೈಸ್ತ ಹುಡುಗಿಗೆ ಭಾನುವಾರದ ಪೂಜೆ ತಪ್ಪುತ್ತದೆ. ಭಾನುವಾರ ಮೈಲಾರಲಿಂಗನ ವಾರವೂ ಹೌದು. ಮನೆದೇವರು ಮೈಲಾರನಾದ ಹುಡುಗನಿಗೂ ಅದು ತಪ್ಪುತ್ತದೆ. ಭಾನುವಾರವೇ ವ್ಯಾಪಾರ ಜಾಸ್ತಿ, ರಜೆ ಕೇಳಲೇಬೇಡ ಅನ್ನುತ್ತಾರೆ.

ರಜೆ ಕಡ್ಡಾಯ ಇರಲಿ. ಅದರಲ್ಲಿ ರಾಜಿ ಬೇಡ. ಒಂದೇ ಕಾನೂನು ಊರಿಗೆಲ್ಲ ಒಂದೇ ದಿನ ಹೇರುವುದು ಬೇಡ. ಆದರೆ ಮಾಲೀಕ ಪಟ್ಟಿ ಬರೆಯುವ ಮುಂಚೆ, ನಿನಗೆ ಯಾವ ದಿನ ಬೇಕು ಅಂತ ಪ್ರತಿಯೊಬ್ಬ ನೌಕರನನ್ನು ಕೇಳುವುದು ಕಾನೂನಿನಲ್ಲೇ ಬರಬೇಕು. ಕೊಡಲಾಗದಿದ್ದರೆ ಕಾರಣ ಬರೆದುಕೊಡಬೇಕು. ಇಸ್ರೇಲಿನ 1951ರ ಕಾನೂನು ಯೆಹೂದಿ ಅಲ್ಲದವರಿಗೆ ಶುಕ್ರವಾರ, ಶನಿವಾರ, ಭಾನುವಾರಗಳಲ್ಲಿ ತಮ್ಮ ದಿನವನ್ನು ವಾರದ ರಜೆಯಾಗಿ ಪಡೆಯಲು ದಾರಿ ಇಟ್ಟಿದೆ. ನಮಗೆ ಧರ್ಮದ ಹೆಸರಿನ ಪಟ್ಟಿಯೂ ಬೇಕಿಲ್ಲ. ಕೇಳಿದರೆ ಸಾಕು.

ಆಮೇಲೆ ಸಭಿಕರ ಪ್ರಶ್ನೆಗಳು.

ದಿನಸಿ ಅಂಗಡಿಯವರೊಬ್ಬರು ಕೇಳಿದರು: "ಸರ್, ನಮ್ಮ ಅಂಗಡೀಲಿ ನಾನು, ನಮ್ಮ ಮನೆಯವರು ಇಬ್ಬರೇ. ನೌಕರರೇ ಇಲ್ಲ. ನಾವ್ಯಾಕೆ ಮುಚ್ಚಬೇಕು?"

ನೌಕರರೇ ಇಲ್ಲದ ಕಡೆ ಕಡ್ಡಾಯದ ಬಲ ಕಮ್ಮಿಯಾಗುತ್ತದೆ, ನಿಮ್ಮ ಮಾತು ನ್ಯಾಯವಾದದ್ದು. ಕಾನೂನು ಕಾಯಬೇಕಾದದ್ದು ಇನ್ನೊಬ್ಬರ ಕೈಕೆಳಗೆ ದುಡಿಯುವವರನ್ನು. ಆದರೆ ನಿಮ್ಮ ಮನೆಯವರನ್ನು ಒಂದು ಮಾತು ಕೇಳಿ. ಅಂಗಡಿಯ ಜೊತೆ ಅಡುಗೆ, ಮಕ್ಕಳು ಎಲ್ಲ ಅವರ ಮೇಲೇ ಇರುತ್ತದೆ. ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಅವರು ಮುಚ್ಚೋಣ ಅಂದರೆ ಮುಚ್ಚಿ.

ಬಟ್ಟೆ ಅಂಗಡಿಯ ಮಾಲೀಕರು ಕೇಳಿದ್ದು: "ನಮ್ಮಲ್ಲಿ ಇಬ್ಬರು ಮುಸ್ಲಿಂ ಹುಡುಗರಿದ್ದಾರೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗ್ಬೇಕು ಅಂತಾರೆ. ಬಿಟ್ಟರೆ ಉಳಿದವರು ನಮಗೂ ಬೇಕು ಅಂತಾರೆ. ಏನು ಮಾಡೋದು?"

ಊಟದ ಬಿಡುವು ಹೇಗೂ ಕೊಡಲೇಬೇಕು. ಶುಕ್ರವಾರ ಒಂದು ದಿನ ಅವರಿಬ್ಬರ ಬಿಡುವನ್ನು ನಮಾಜಿನ ಹೊತ್ತಿಗೆ ಹೊಂದಿಸಿ. ಮೇಲೆ ಅರ್ಧ ಗಂಟೆ ಬೇಕಾದರೆ ಸಂಜೆ ನಿಂತು ತುಂಬಿಕೊಡಲಿ. ಉಳಿದವರು ಕೇಳಿದರೆ ಅವರಿಗೂ ಕೊಡಿ. ಒಬ್ಬರಿಗೆ ಶನಿವಾರ ಆಂಜನೇಯನ ಗುಡಿ ಇರಬಹುದು, ಇನ್ನೊಬ್ಬರಿಗೆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದಿರಬಹುದು. ಎಲ್ಲರನ್ನೂ ಕೂರಿಸಿಕೊಂಡು ಪಟ್ಟಿಯನ್ನು ಅವರ ಕೈಯಲ್ಲೇ ಬರೆಸಿ. ದೀಪಾವಳಿ, ಯುಗಾದಿಗೆ ನೀವು ಊರಿಗೆ ಹೋಗುವಾಗ ಗಲ್ಲಾ ನೋಡಿಕೊಳ್ಳುವವರು ಯಾರು ಅಂತ ಅದೇ ಪಟ್ಟಿಯಲ್ಲಿ ಬರೆದುಕೊಳ್ಳಬಹುದು.